ಚೌಳು ಮಣ್ಣಿನ ಮಾಳಿಗೆ

ಚನ್ನವೀರಮ್ಮ ಟೀಚರಿಗೆ ಅನುಮಾನ ಅನ್ನುವುದು ಹುಟ್ಟಿನಿಂದಲೇ ಬಂದದ್ದೋ, ಮೂವತ್ತೊಂದು ವರ್ಷ ಪರೀಕ್ಷೆಯ ಕೋಣೆಯಲ್ಲಿ ಹುಡುಗರ ಕೈ ಕಾಯ್ದು ಕಾಯ್ದು ಅಂಟಿದ್ದೋ, ಕುರುಗೋಡಿನಲ್ಲಿ ಯಾರಿಗೂ ಗೊತ್ತಿಲ್ಲ. ಹಾಲಿನವಳು ಅಳೆದು ಕೊಟ್ಟ ಹಾಲನ್ನು ಒಳಗೆ ಒಯ್ದು ಮತ್ತೊಮ್ಮೆ ಅಳೆಯುತ್ತಿದ್ದರು. ಇದು ಬಳ್ಳಾರಿ ಬಸ್ಸು ಎಂದು ಕಂಡಕ್ಟರ್ ಕೂಗಿದರೆ ಸಾಲದು, ಡ್ರೈವರನೂ ಹೂಂ ಅನ್ನಬೇಕು, ಆಮೇಲೆ ಬೋರ್ಡು ಓದಬೇಕು, ಆಗ ಹತ್ತುವುದು. ನಿವೃತ್ತಿಯಾಗಿ ಒಂಬತ್ತು ವರ್ಷವಾಗಿತ್ತು. ಅನುಮಾನಕ್ಕೆ ಮಾತ್ರ ಇನ್ನೂ ಪೂರ್ತಿ ಸರ್ವೀಸು.

ಅವರ ಮನೆಯ ಎದುರಿಗೇ ಹಳೇ ಸಾಲಿ. ಮದ್ರಾಸ್ ಸರ್ಕಾರದ ಕಾಲದಲ್ಲಿ ಕಟ್ಟಿದ್ದು, ನೂರು ವರ್ಷ ದಾಟಿದೆ. ಸಾಲಾಗಿ ಏಳು ಕೋಣೆ, ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಸಾಗವಾನಿ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮೊಳ ದಪ್ಪ ಮಣ್ಣು. ಮಣ್ಣಿನ ಚಾವಣಿಗೆ ಇಲ್ಲಿ ಮಾಳಿಗೆ ಅನ್ನುವುದರಿಂದ ಊರವರು ಅದನ್ನು ಮಾಳಿಗಿ ಸಾಲಿ ಅಂತಲೇ ಕರೆಯುವುದು. ಟೀಚರು ಅಲ್ಲೇ ಕಲಿತು, ಅಲ್ಲೇ ಕಲಿಸಿ, ಅಲ್ಲೇ ಹೆಡ್‌ಮಿಸ್ ಆಗಿ ಹಾರ ಹಾಕಿಸಿಕೊಂಡು ಹೊರಬಿದ್ದಿದ್ದರು. ಮರುವರ್ಷವೇ ಮಕ್ಕಳನ್ನು ಬಳ್ಳಾರಿ ರಸ್ತೆಯ ಹೊಸ ಕಟ್ಟಡಕ್ಕೆ ಸಾಗಿಸಿದರು. ಅಂದಿನಿಂದ ಸಾಲಿಗೆ ಬೀಗ. ಅಂಗಳದಲ್ಲಿ ಜಾಲಿ, ಕೋಣೆಗಳಲ್ಲಿ ಪಾರಿವಾಳ, ಪಡಸಾಲೆಯಲ್ಲಿ ಯಾರದೋ ಆಡು.

ಏಪ್ರಿಲ್ ಮೊದಲ ವಾರ ಗೇಟಿಗೆ ಒಂದು ನೋಟಿಸು ಅಂಟಿತು. ಕಟ್ಟಡ ಶಿಥಿಲವಾಗಿದೆ, ಇಂಜಿನಿಯರು ಪರಿಶೀಲಿಸಿದ ಬಳಿಕ ತೆರವು ಮಾಡಲಾಗುವುದು ಅಂತ. ಟೀಚರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ಅಳು ಬರಲಿಲ್ಲ, ಸಿಟ್ಟು ಬಂತು. ಸಾಲಿ ತಾನಾಗಿ ಹೇಗೆ ಹಾಳಾದೀತು? ಮಾಳಿಗೆಗೆ ಸಿಮೆಂಟು ಹಾಕಿಸಿ ಇನ್ನೂ ಹದಿನೆಂಟು ವರ್ಷ. ಯಾರೋ ಕೈಯಾಡಿಸುತ್ತಿದ್ದಾರೆ. ಯಾರೋ ಬೇಕಂತಲೇ ಇದನ್ನು ಕೊಲ್ಲುತ್ತಿದ್ದಾರೆ.

ಬರೀ ಮನಸ್ಸಿನ ಅನುಮಾನವೂ ಅಲ್ಲ. ಕೆಲವು ದಿನಗಳಿಂದ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ, ಊರೆಲ್ಲ ಬಾಗಿಲು ಮುಚ್ಚಿಕೊಂಡು ಫ್ಯಾನಿನ ಕೆಳಗೆ ಬಿದ್ದಿರುವಾಗ, ಮಾಳಿಗೆಯ ಮೇಲಿಂದ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಹೋದ ಬೇಸಿಗೆಯಲ್ಲೂ ಕೇಳಿದ್ದೇ, ಆಗ ಆಡಿನ ಕಾಲ್ಸದ್ದು ಅಂದುಕೊಂಡಿದ್ದರು. ಆ ಉರಿಬಿಸಿಲಲ್ಲಿ ನಾಯಿ ಕೂಡ ಬಂಡಿಯ ನೆರಳು ಬಿಟ್ಟು ಏಳುವುದಿಲ್ಲ. ಸಂಜೆ ಹೋಗಿ ನೋಡಿದರೆ ಗೋಡೆಯ ಬುಡದಲ್ಲಿ ಸಿಮೆಂಟಿನ ಹೆಂಟೆಗಳು. ಟೀಚರು ಹಳೇ ಹಾಜರಿ ಪುಸ್ತಕ ತೆಗೆದು ಸದ್ದು ಬಂದ ದಿನ, ಹೊತ್ತು, ಎಲ್ಲ ಬರೆಯತೊಡಗಿದರು. ಹತ್ತು ದಿನಕ್ಕೆ ಆರು ಸಲ. ಪ್ರತಿ ಸಲವೂ ಪೂರ್ವದ ಕಡೆಯ ಎರಡು ಕೋಣೆಗಳ ಮೇಲೆಯೇ.

ಮೊದಲು ಅವರ ಕಣ್ಣು ಬಿದ್ದದ್ದು ದೊಡ್ಡಬಸವರಾಜನ ಮೇಲೆ. ಅವರ ಕೈಯಲ್ಲೇ ಮಗ್ಗಿ ಕಲಿತವನು, ಈಗ ಆ ವಾರ್ಡಿನ ಮೆಂಬರು, ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ. ಟೀಚರು ಬಿಸಿಲು ಇಳಿಯುವುದನ್ನೂ ಕಾಯದೆ ಅಂಗಡಿಗೆ ಹೋದರು. ಅವನು ಗಲ್ಲೆಯಿಂದ ಎದ್ದು ನಿಂತ.

"ಬರ್ರಿ ಟೀಚರ, ಕುಂದರ್ರಿ. ಚಾ ತರಸ್ತೀನಿ."

"ಚಾ ಆಮ್ಯಾಲ. ಸಾಲಿ ಕೆಡವಿ ಅಲ್ಲಿ ಏನ್ ಕಟ್ಟಾಕ ಹೊಂಟೀಯಪ್ಪ?"

"ನಾ ಯಾಕ ಕಟ್ಟಲ್ರಿ? ಜಾಗ ಖಾಲಿ ಆದ್ರ ಅಂಗಡಿ ಮಳಿಗಿ ಕಟ್ಟಬೇಕಂತ ಮೀಟಿಂಗಿನ್ಯಾಗ ಮಾತು ಬಂದೈತಿ. ನಾನೊಬ್ಬನ ಹೇಳಿದ್ದಲ್ಲ."

"ಮಧ್ಯಾನ್ನ ಮಾಳಿಗಿ ಮ್ಯಾಲ ಯಾರನ್ನ ಹತ್ತಸ್ತೀದಿ?"

"ಯವ್ವಾ! ನಾ ಆ ಗೇಟಿನೊಳಗ ಕಾಲಿಟ್ಟು ವರ್ಷ ಆತ್ರಿ ಟೀಚರ. ಹಾವಿನ ಅಂಜಿಕಿ ನನಗ."

ಟೀಚರು ಅವನ ಮುಖ ಬಿಟ್ಟು ಚಪ್ಪಲಿ ನೋಡಿದರು. ಸಿಮೆಂಟಿನ ಪುಡಿಯ ಗುರುತು ಎಲ್ಲೂ ಇಲ್ಲ. ತೊಳೆದುಕೊಂಡಿದ್ದಾನೆ, ಅಂದುಕೊಂಡು ಚಹಾ ಕುಡಿಯದೆ ಎದ್ದು ಬಂದರು. ದೊಡ್ಡಬಸವರಾಜನಿಗೆ ತನ್ನ ಚಪ್ಪಲಿಯಲ್ಲಿ ಏನು ತಪ್ಪಿತ್ತೆಂದು ಸಂಜೆಯವರೆಗೂ ತಿಳಿಯಲಿಲ್ಲ.

ಮರುದಿನದಿಂದ ಊಟ ಮುಗಿಸಿದ್ದೇ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಪರದೆಯನ್ನು ನಾಲ್ಕು ಬೆರಳು ಸರಿಸಿ ಕೂತರು. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನ ಸ್ವಲ್ಪ ತೂಕಡಿಸಿ, ತೂಕಡಿಸಿದ್ದಕ್ಕೆ ತಮ್ಮನ್ನೇ ಬೈದುಕೊಂಡರು. ಮೂರನೆಯ ದಿನ ಸಿಕ್ಕಿಬಿದ್ದ. ಸಾಲಿಯ ಪಕ್ಕದ ಕಾಂಪೌಂಡು ಕುಸಿದ ಕಡೆಯಿಂದ ಒಬ್ಬ ಮನುಷ್ಯ ಬಗ್ಗಿ ಒಳಹೊಕ್ಕ. ತಲೆಗೆ ಟವೆಲು, ಕಂಕುಳಲ್ಲಿ ಗೋಣಿಚೀಲ. ಚೀಲದ ಬಾಯಿಂದ ಹಾರೆಯ ತುದಿ ಇಣುಕುತ್ತಿತ್ತು. ಎಡಭುಜ ಬಲಕ್ಕಿಂತ ಒಂದಿಷ್ಟು ಕೆಳಗಿತ್ತು. ಮುಖ ಕಾಣದಿದ್ದರೂ ಆ ಭುಜ ಸಾಕು. ಮಾರೆಣ್ಣ!

ಟೀಚರಿಗೆ ಎಲ್ಲ ಒಮ್ಮೆಲೇ ಅರ್ಥವಾದಂತಾಯಿತು. ಇವನಿಗೆ ಹಳೇ ಸಿಟ್ಟಿದೆಯಲ್ಲ!

ಈ ಸೀಮೆಯ ಮಾಳಿಗೆಗಳಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಹಾಕಬೇಕು. ಏನೂ ಬೆಳೆಯದ ಉಪ್ಪು ನೆಲದಿಂದ ಕೆರೆದು ತರುವ ಬೂದು ಬಣ್ಣದ ಮಣ್ಣು ಅದು. ನಾಲ್ಕು ಬೆರಳು ದಪ್ಪ ಹರಡಿ, ಇಳಿಜಾರು ಸವರಿದರೆ ಮಳೆ ನೀರು ಕೆಳಗೆ ಇಳಿಯದೆ ಜಾರಿ ಹೊರಗೆ ಬೀಳುತ್ತದೆ. ಸಾಲಿಯ ಮಾಳಿಗೆಗೆ ಈ ಮಣ್ಣು ಹಾಕುವ ಕೆಲಸ ಮಾರೆಣ್ಣನ ಮನೆತನದ್ದು. ಅವನ ಅಜ್ಜ ಹಾಕಿದ್ದ, ಅಪ್ಪ ಹಾಕಿದ್ದ, ಆಮೇಲೆ ಅವನು. ಬಸವ ಜಯಂತಿ ಕಳೆದು ಒಂದು ವಾರಕ್ಕೆ ಬಂಡಿಯಲ್ಲಿ ಮಣ್ಣು ಬಂದು ಅಂಗಳದಲ್ಲಿ ಬೀಳುತ್ತಿತ್ತು. ಬುಟ್ಟಿ ಹೊತ್ತು ಹೊತ್ತು ಅವನ ಭುಜ ಇಳಿದದ್ದು ಹಾಗೆ.

ಹೆಡ್‌ಮಿಸ್ ಆದಮೇಲೆ ಟೀಚರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಜಂತಿಯ ಸಂದಿಯಿಂದ ಮಕ್ಕಳ ತಲೆಯ ಮೇಲೆ ಮಣ್ಣು ಉದುರುವುದು, ಹಾಜರಿ ಪುಸ್ತಕದ ಮೇಲೆ ಧೂಳು, ಒಮ್ಮೊಮ್ಮೆ ಚೇಳು. ಉಳಿದ ಊರೆಲ್ಲ ಆರ್‌ಸಿಸಿ ಹಾಕಿಸುತ್ತಿರುವಾಗ ಸಾಲಿಗೆ ಮಾತ್ರ ಇನ್ನೂ ಮಣ್ಣೇ? ಮೂರು ವರ್ಷ ಬಳ್ಳಾರಿಗೆ ಅಡ್ಡಾಡಿ, ಅವರಿವರ ಕಾಲು ಹಿಡಿದು ಅನುದಾನ ತಂದು, ಮಣ್ಣಿನ ಮೇಲೆ ಸಿಮೆಂಟು ಹೊದಿಸಿದ್ದರು. ತಮ್ಮ ಸರ್ವೀಸಿನಲ್ಲಿ ಮಾಡಿದ ದೊಡ್ಡ ಕೆಲಸ ಯಾವುದೆಂದರೆ ಅವರು ಮೊದಲು ಹೇಳುತ್ತಿದ್ದುದು ಅದನ್ನೇ. ಆ ವರ್ಷ ಮಾರೆಣ್ಣ ಎಂದಿನಂತೆ ಮಣ್ಣು ತಂದು ಗೇಟಿನಲ್ಲಿ ನಿಂತು, ಬ್ಯಾಡ್ರಿ ಅಮ್ಮಾರ, ಇದು ತಡಿಯಂಗಿಲ್ಲ ಅಂದಿದ್ದ. ಕೆಲಸ ತಪ್ಪಿದವನ ಮಾತು ಅಂತ ಟೀಚರು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂಡಿ ಹೊರಳಿಸಿಕೊಂಡು ಹೋದವನು ಮತ್ತೆ ಆ ಗೇಟಿಗೆ ಬಂದಿರಲಿಲ್ಲ.

ಈಗ ಬಂದಿದ್ದಾನೆ, ಹಾರೆ ಹಿಡಿದುಕೊಂಡು. ಯಾರ ಕುಮ್ಮಕ್ಕಿನಿಂದಲೋ, ಹೊಟ್ಟೆಕಿಚ್ಚಿನಿಂದಲೋ, ತಾವು ಹಾಕಿಸಿದ ಸಿಮೆಂಟನ್ನೇ ಒಡೆಯುತ್ತಿದ್ದಾನೆ. ಟೀಚರು ಹೊರಗೆ ಹೋಗಿ ನಾಲ್ಕು ಮಾತು ಕೇಳಬೇಕೆಂದು ಬಾಗಿಲವರೆಗೆ ಹೋದವರು ನಿಂತರು. ಕೇಳಿದರೆ ಸುಳ್ಳು ಹೇಳುತ್ತಾನೆ. ನಾಳೆಯಿಂದ ಹುಷಾರಾಗುತ್ತಾನೆ. ಇಂಥದಕ್ಕೆಲ್ಲ ಬರವಣಿಗೆಯೇ ಆಗಬೇಕು.

ಅವತ್ತೇ ಕೂತು, ನೋಟಿಸು ಕೊಟ್ಟ ಬಳ್ಳಾರಿಯ ಕಚೇರಿಗೆ ಎರಡು ಪುಟ ದೂರು ಬರೆದರು. ಸರ್ಕಾರಿ ಕಟ್ಟಡವನ್ನು ಅಕ್ರಮವಾಗಿ ಒಡೆದು ದುರ್ಬಲಗೊಳಿಸಲಾಗುತ್ತಿದೆ; ಅದರಲ್ಲೂ ಪೂರ್ವದ ಎರಡು ಕೋಣೆಗಳು ಈಗಾಗಲೇ ಅಪಾಯದ ಸ್ಥಿತಿ ತಲುಪಿವೆ; ಒಡೆಯುತ್ತಿರುವವನ ಹೆಸರು ಇಂಥದು. ಒಡೆಯುವವನನ್ನು ಹಿಡಿದರೆ ಸಾಲಿ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಊರಿನ ಪುರಸಭೆಯ ಗುಮಾಸ್ತರ ಕೈಗೆ ಕೊಟ್ಟರೆ ದೊಡ್ಡಬಸವರಾಜನ ಕೈಗೆ ಹೋದೀತು, ಅಂಚೆಗೆ ಹಾಕಿದರೆ ದಾರಿಯಲ್ಲೇ ಮಾಯವಾದೀತು. ಆದ್ದರಿಂದ ಬೆಳಗ್ಗೆ ಎಂಟರ ಬಸ್ಸಿಗೆ ಬಳ್ಳಾರಿಗೆ ತಾವೇ ಹೋದರು. ಕಚೇರಿಯ ಗುಮಾಸ್ತ ಇಟ್ಟು ಹೋಗ್ರಿ ಅಂದರೆ ಇಡಲಿಲ್ಲ. ಎದುರಿಗೇ ನಿಂತು ಸೀಲು ಹಾಕಿಸಿ, ಸೀಲಿನ ತಾರೀಕು ಓದಿ, ಇನ್ನೊಂದು ಪ್ರತಿಗೂ ಹಾಕಿಸಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಒಂದು ಸೋಡಾ ಕುಡಿದು ಊರಿಗೆ ಬಂದರು. ಅಂದು ರಾತ್ರಿ ಬಹಳ ದಿನದ ಮೇಲೆ ಒಳ್ಳೆ ನಿದ್ದೆ.

ಎಂಟು ದಿನಕ್ಕೆ ಜೀಪು ಬಂತು. ಇಳಿದದ್ದು ಅಕ್ಷತಾ ಎಂಬ ಇಂಜಿನಿಯರು, ಸಿರುಗುಪ್ಪದ ಹುಡುಗಿ, ಮೂವತ್ತೂ ತುಂಬಿರಲಿಕ್ಕಿಲ್ಲ. ದೂರಿನ ದೆಸೆಯಿಂದ ಒಬ್ಬ ಪೊಲೀಸಪ್ಪನೂ ಇದ್ದ. ವಾರ್ಡಿನ ಮೆಂಬರಾದ್ದರಿಂದ ದೊಡ್ಡಬಸವರಾಜ ಬಂದ. ಮಾರೆಣ್ಣನನ್ನು ಕರೆಸಿದ್ದರು, ಟವೆಲು ಕೈಯಲ್ಲಿ ಹಿಡಿದು ಗೇಟಿನ ಪಕ್ಕ ನಿಂತಿದ್ದ.

"ಒಡದಿದ್ದು ನೀನೇನಪ್ಪ?" ಪೊಲೀಸಪ್ಪ ಕೇಳಿದ.

"ಹೌದ್ರಿ."

ಅಷ್ಟು ಸಲೀಸಾಗಿ ಒಪ್ಪಿದ್ದು ಟೀಚರಿಗೆ ಇನ್ನಷ್ಟು ಅನುಮಾನಕ್ಕೆ ಕಾರಣವಾಯಿತು. ಇದರ ಹಿಂದೆ ಬೇರೆ ಏನೋ ಇದೆ. ಅಕ್ಷತಾ ಹೊರಗಿನ ಕಲ್ಲಿನ ಮೆಟ್ಟಿಲು ಹತ್ತತೊಡಗಿದಾಗ ಅವರೂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ನೀವು ಬರಬ್ಯಾಡ್ರಿ ಅಮ್ಮ. ಕುಸದ್ರ ಏನ್ ಗತಿ?"

"ನಾ ಕಣ್ಣಾರೆ ನೋಡಬೇಕವ್ವ."

"ಹಂಗಾರ ನಾ ಕಾಲಿಟ್ಟಲ್ಲೇ ಕಾಲಿಡ್ರಿ."

ಮೇಲೆ ಐದು ಕೋಣೆಗಳ ಉದ್ದಕ್ಕೂ ಸಿಮೆಂಟು ಕಪ್ಪಾಗಿ ಬಿರಿದಿತ್ತು. ಬಿರುಕಿನಲ್ಲಿ ಒಣಹುಲ್ಲು. ಪೂರ್ವದ ಎರಡು ಕೋಣೆಗಳ ಮೇಲೆ ಸಿಮೆಂಟು ಒಂದು ಚೂರೂ ಉಳಿದಿರಲಿಲ್ಲ. ಅಲ್ಲಿ ಬೂದು ಮಣ್ಣು ನಯವಾಗಿ ಹರಡಿಕೊಂಡಿತ್ತು.

"ನೋಡಿದ್ಯಾ, ಹೆಂಗ ಕಿತ್ತು ಹಾಕ್ಯಾನ!" ಟೀಚರು ಅಂದರು. ಕಳ್ಳ ಸಿಕ್ಕ ಸಂತೋಷ ಅವರ ದನಿಯಲ್ಲಿ ಅಡಗಲಿಲ್ಲ.

ಅಕ್ಷತಾ ಬಗ್ಗಿ ಆ ಮಣ್ಣನ್ನು ಚಿಟಿಕೆ ತೆಗೆದು ತಿಕ್ಕಿ ನೋಡಿ ಕೆಳಗಿಳಿದಳು. ಬೀಗ ತೆಗೆಸಿ ಎಲ್ಲರೂ ಒಳಗೆ ಹೋದರು. ಪಶ್ಚಿಮದ ಕೋಣೆಯಲ್ಲಿ ಬೆಂಚು ಹತ್ತಿ ಸ್ಕ್ರೂಡ್ರೈವರಿನಿಂದ ತೊಲೆಯನ್ನು ಚುಚ್ಚಿದಳು. ಹಿಡಿಯವರೆಗೂ ಹೋಯಿತು. ಹೊರಗೆಳೆದಾಗ ಕಂದು ಪುಡಿ ಹುರಿಗಡಲೆ ಹಿಟ್ಟಿನಂತೆ ಸುರಿಯಿತು. ಮುಂದಿನ ಕೋಣೆಯಲ್ಲೂ ಅದೇ, ಅದರ ಮುಂದಿನದರಲ್ಲೂ. ಪೂರ್ವದ ಕೋಣೆಗೆ ಬಂದು ಚುಚ್ಚಿದಾಗ ಸ್ಕ್ರೂಡ್ರೈವರು ಒಳಗೆ ಹೋಗಲಿಲ್ಲ. ಮತ್ತೊಂದು ಕಡೆ ಚುಚ್ಚಿದಳು, ಅಲ್ಲೂ ಹೋಗಲಿಲ್ಲ.

"ಒಡದದ್ದು ಯಾವಾಗಿಂದ ಅಜ್ಜ?" ಮಾರೆಣ್ಣನನ್ನು ಕೇಳಿದಳು.

"ಎರಡು ವರ್ಷ ಆತವ್ವ. ಬ್ಯಾಸಗಿ ಒಳಗ ಸಿಮೆಂಟ್ ಕೀಳೋದು, ಮಣ್ಣು ಆರಾಕ ಬಿಡೋದು, ಮಳಿ ಮುಂದ ಚೌಳು ಹಾಕೋದು. ಈ ಕಡಿ ತೊಲಿ ಇನ್ನಾ ಕೆಟ್ಟಿರಲಿಲ್ಲ, ಅದಕ್ಕ ಇಲ್ಲಿಂದ ಹಿಡದೆ. ಒಬ್ಬನ ಅದೀನಿ, ಬ್ಯಾಗ ಆಗಂಗಿಲ್ಲ."

"ಮಣ್ಣಿನ ಮಾಳಿಗಿ ಮಳಿಗೆ ತೊಯ್ತೈತಿ, ಬಿಸಲಿಗೆ ಆರತೈತಿ," ಅಕ್ಷತಾ ಪೊಲೀಸಪ್ಪನಿಗೆ ತಿಳಿಸಿ ಹೇಳಿದಳು. "ಮ್ಯಾಲ ಸಿಮೆಂಟ್ ಮುಚ್ಚಿದ್ರ ಬಿರುಕಿನ್ಯಾಗ ಇಳದ ನೀರು ಆರಾಕ ದಾರಿನ ಇರಂಗಿಲ್ಲ. ಒಳಗೊಳಗ ತೊಲಿ ಕೊಳೀತಾವ, ಗೆದ್ದಲ ಹತ್ತತಾವ. ಸಿರುಗುಪ್ಪದಾಗ ನಮ್ಮಜ್ಜನ ಮನಿನೂ ಹಿಂಗ ಹೋತು. ಈ ಕಟ್ಟಡ ಕೆಡಿಸಿದ್ದು ಈ ಅಜ್ಜ ಅಲ್ಲ, ಸಿಮೆಂಟ್. ಯಾರು ಹಾಕಿಸಿದ್ದು ಇದನ್ನ?"

ದೊಡ್ಡಬಸವರಾಜನಿಗೆ ಗೊತ್ತು. ಆಗ ಏಳನೇ ಕ್ಲಾಸಿನಲ್ಲಿದ್ದ ಅವನು ಸಿಮೆಂಟಿಗೆ ನೀರು ಹೊತ್ತವನು. ಕಿಟಕಿಯ ಸರಳು ಎಣಿಸುತ್ತ ನಿಂತ. ಮಾರೆಣ್ಣನಿಗೂ ಗೊತ್ತು.

"ಯಾವಾಗ್ಲೋ ಹಾಕ್ಯಾರ ಬಿಡವ್ವ," ಅಂದ ಮಾರೆಣ್ಣ. "ಛಲೋದಾಗಲಿ ಅಂತ ಹಾಕಿರತಾರ. ಹಳೇ ಮಾತು."

ಟೀಚರು ಮೂವತ್ತೊಂದು ವರ್ಷದಲ್ಲಿ ಎಷ್ಟೋ ಹುಡುಗರನ್ನು ಎದ್ದು ನಿಲ್ಲಿಸಿ ತಪ್ಪು ಒಪ್ಪಿಸಿದ್ದರು. ಒಪ್ಪುವ ಹುಡುಗನ ಬಾಯಿ ಹೀಗೆ ಒಣಗುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಾವು ಜೈಲಿಗೆ ಕಳಿಸಲು ಹೊರಟಿದ್ದವನೇ ತಮ್ಮ ಮಾನ ಮುಚ್ಚುತ್ತಿದ್ದಾನಲ್ಲ ಅನ್ನುವುದು ಮಾತ್ರ ಸಹಿಸಲಾಗಲಿಲ್ಲ.

"ನಾನ ಹಾಕ್ಸಿದ್ದು," ಅಂದರು. "ಮೂರು ವರ್ಷ ಬಳ್ಳಾರಿಗೆ ಅಡ್ಡಾಡಿ ನಾನ ಹಾಕ್ಸೀನಿ. ಇವನು ಬ್ಯಾಡ ಅಂದಿದ್ದ. ಬರಕೋಳ್ರಿ."

ಯಾರೂ ಅವರ ಮುಖ ನೋಡಲಿಲ್ಲ. ಟೀಚರೇ ಮತ್ತೆ ಕೇಳಿದರು. "ಈ ಎರಡು ಕ್ವಾಣಿನಾದ್ರೂ ಉಳೀತಾವೇನವ್ವ?"

ಅಕ್ಷತಾ ಫೈಲು ತೆರೆದು, ತೆರೆದದ್ದನ್ನು ಹಾಗೇ ಹಿಡಿದು ನಿಂತಳು. "ನನ್ನ ಕೇಳಿದ್ರ ಉಳಿಸ್ಬೇಕ್ರಿ ಅಮ್ಮ. ಆದ್ರ ಈ ಎರಡು ಕ್ವಾಣಿ ಒಡದು ಅಪಾಯ ಆಗ್ಯಾವ ಅಂತ ಹೆಡ್‌ಮಿಸ್ ಆಗಿದ್ದವರ ಬರದು ಕೊಟ್ಟಾರ. ಅದನ್ನ ನೋಡಿ ಮ್ಯಾಲಿನವರು ಆಗಲೇ ಏಳೂ ಕ್ವಾಣಿ ಕೆಡವಾಕ ಆರ್ಡರ್ ಮಾಡ್ಯಾರ. ನಾಳೆ ಏನರ ಆದ್ರ ಆ ಕಾಗದ ಮುಂದ ಬರತೈತಿ. ನಾ ಗಟ್ಟಿ ಅದಾವ ಅಂತ ಬರೀತೀನಿ. ಕೇಳ್ತಾರ ಅಂತ ಹೇಳಾಕ ಬರಂಗಿಲ್ಲ."

ಟೀಚರು ಅಲ್ಲೇ ಪಡಸಾಲೆಯಲ್ಲಿ ಕೂತು ಇನ್ನೊಂದು ಕಾಗದ ಬರೆದರು. ಮೊದಲಿನ ದೂರು ತಪ್ಪು, ಕೆಟ್ಟದ್ದು ನನ್ನಿಂದ, ಮಾರೆಣ್ಣನದು ಯಾವ ಅಪರಾಧವೂ ಇಲ್ಲ. ಪೊಲೀಸಪ್ಪ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಮಾರೆಣ್ಣನಿಗೆ ಮನೆಗೆ ಹೋಗಪ್ಪ ಅಂದ. ಆ ಮಟ್ಟಿಗೆ ಕಾಗದ ಕೆಲಸ ಮಾಡಿತು. ಸಾಲಿಯ ಮಟ್ಟಿಗೆ ಮಾಡಲಿಲ್ಲ. ಟೀಚರು ಮೇ ತಿಂಗಳ ಬಿಸಿಲಲ್ಲಿ ಬಳ್ಳಾರಿಗೆ ನಾಲ್ಕು ಸಲ ಹೋದರು. ಒಂದು ಸಲ ಅಕ್ಷತಾಳೂ ಜೊತೆಗೆ ನಿಂತು ಮಾತಾಡಿದಳು. ಎರಡು ಕಾಗದದಲ್ಲಿ ಯಾವುದನ್ನು ನಂಬುವುದು, ಅಪಾಯ ಇಲ್ಲ ಅನ್ನುವುದಕ್ಕಿಂತ ಇದೆ ಅನ್ನುವುದನ್ನು ನಂಬುವುದೇ ಕ್ಷೇಮ, ಅಂದರು ಕಚೇರಿಯವರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ ಅನ್ನುವುದು ಟೀಚರಿಗೆ ಗೊತ್ತಿತ್ತು.

ಜೂನ್ ಮೊದಲ ಗುರುವಾರ ಜೆಸಿಬಿ ಬಂತು. ಓಡಿಸುವವನು ರೂಪನಗುಡಿಯ ಅಂಜಿನಿ. ಬೆಳಗ್ಗೆ ಎಂಟಕ್ಕೆ ಶುರು ಮಾಡಿ ಹತ್ತೂವರೆಗೆ ಐದು ಕೋಣೆ ಮುಗಿಸಿದ. ದೊಡ್ಡ ಸದ್ದೂ ಆಗಲಿಲ್ಲ. ಮುಟ್ಟಿದ ಕಡೆಯೆಲ್ಲ ತೊಲೆ ಮುರಿದು, ಸಿಮೆಂಟಿನ ಹೊದಿಕೆ ಮಣ್ಣಿನ ಸಮೇತ ಕೆಳಗೆ ಬಂತು. ನೋಡಲು ಬಂದವರು ಧೂಳಿಗೆ ಹೆದರಿ ಮನೆಗೆ ಹೋದರು.

ಪೂರ್ವದ ಎರಡು ಕೋಣೆಗಳಲ್ಲಿ ಮಾತ್ರ ಜೆಸಿಬಿ ತಡೆದು ನಿಂತಿತು. ಬಕೆಟ್ಟು ಬಡಿದರೆ ಮಣ್ಣು ಉದುರುತ್ತಿತ್ತೇ ಹೊರತು ತೊಲೆ ಅಲುಗಲಿಲ್ಲ. ಊಟದ ಹೊತ್ತಾಯಿತು. ಊಟ ಮಾಡಿ ಬಂದು ಸರಪಳಿ ಕಟ್ಟಿ ಎಳೆದ. ಮೂರು ಗಂಟೆಗೆ ಒಂದು ಕೋಣೆ ಬಿತ್ತು. ಅಂಜಿನಿ ಇಳಿದು ಬಂದು ನೀರು ಕೇಳಿದ. ಟೀಚರು ಚೊಂಬು ತಂದುಕೊಟ್ಟರು.

"ಇಷ್ಟ್ ಗಟ್ಟಿ ಇದ್ದಿದ್ದನ್ನ ಯಾಕ ಕೆಡವಾಕ ಹಚ್ಯಾರಮ್ಮ?" ಅಂದ ಅವನು. ಟೀಚರು ಚೊಂಬು ವಾಪಸ್ಸು ಇಸಿದುಕೊಂಡರು.

ಮಾರೆಣ್ಣ ಬೆಳಗಿನಿಂದ ಅವರ ಕಟ್ಟೆಯ ಮೇಲೆಯೇ ಕೂತಿದ್ದ. ಒಳಗೆ ಬಾ ಅಂದರೆ ಬಂದಿರಲಿಲ್ಲ, ಕೊಟ್ಟ ರೊಟ್ಟಿ ಮಾತ್ರ ತಿಂದಿದ್ದ. ಟೀಚರು ಅವನ ಪಕ್ಕ ಒಂದು ಮಾರು ಬಿಟ್ಟು ಕೂತರು. ಅಂಜಿನಿ ಕೊನೆಯ ಕೋಣೆಗೆ ಸರಪಳಿ ಬಿಗಿಯುತ್ತಿದ್ದ.

"ಎರಡು ವರ್ಷ ನನ್ನ ಕಣ್ಣ ಮುಂದ ಮಣ್ಣು ಹೊತ್ತೀದಿ," ಅಂದರು. "ಹಿಂಗ ಮಾಡಾಕತ್ತೀನಿ ಅಂತ ನನಗೊಂದು ಮಾತು ಹೇಳಬಾರದಿತ್ತೇನೋ?"

ಮಾರೆಣ್ಣ ಸಾಲಿಯ ಕಡೆ ನೋಡುತ್ತಲೇ ಇದ್ದ. ಸರಪಳಿ ಬಿಗಿಯಾಗಿ ಜೆಸಿಬಿ ಹಿಂದೆ ಸರಿಯಿತು. ತೊಲೆ ಕಿರ್ ಅಂದು ಹಾಗೇ ನಿಂತಿತು.

"ಹೇಳಿದ್ರ ನಂಬತಿದ್ರೇನ್ರಿ ಅಮ್ಮಾರ?"

ಅವನ ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ತಿಳಿದುಕೊಳ್ಳಲು ಕೇಳಿದಂತಿತ್ತು. ಟೀಚರು ಹೂಂ ಅನ್ನಲು ಬಾಯಿ ತೆರೆದರು. ಆಗಲಿಲ್ಲ.

"ಇಲ್ಲೋ ಮಾರೆಣ್ಣ," ಅಂದರು. "ನಂಬತಿರಲಿಲ್ಲ."